ಮಾಳಿಗೆಯ ಹಾಜರಿ ಪುಸ್ತಕ

ಕಾಶಿಯಲ್ಲಿ ಕಾಡುಪ್ರಾಣಿ ನೋಡಲು ಎಲ್ಲಿಗೂ ಹೋಗಬೇಕಾಗಿಲ್ಲ. ಮಾಳಿಗೆಯಲ್ಲಿ ಬಟ್ಟೆ ಒಣಹಾಕಿದರೆ ಸಾಕು, ಅವೇ ಬರುತ್ತವೆ. ಬಂದ ಮೇಲೆ ಏನಾದರೊಂದು ನಡೆಯದೆ ಹೋಗುವುದಿಲ್ಲ. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳಾದ ನಾನು ಹನುಮಾನ್ ಘಾಟಿನ ನಮ್ಮ ಮನೆಯ ಮಾಳಿಗೆಗೆ ಒಂದು ಹಾಜರಿ ಪುಸ್ತಕ ಇಟ್ಟೆ. ನಾಲ್ಕು ಕಾಲಂ: ಸಮಯ, ಪ್ರಾಣಿ, ಒಯ್ದ ವಸ್ತು, ಷರಾ.

ಪುಸ್ತಕ ಇಡಲು ಕಾರಣವಿತ್ತು. ಅಪ್ಪ ಪುರೋಹಿತರು. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ ಮಾಡಿಸುತ್ತಾರೆ. ಕಳೆದ ದೀಪಾವಳಿ ಹೊತ್ತಿಗೆ ಅವರ ಮಂಡಿ ಕೈಕೊಟ್ಟಿತು. ಘಾಟಿನ ಮೆಟ್ಟಿಲು ಬೇಡ ಎಂದರು ಡಾಕ್ಟರು. ಘಾಟಿಗೆ ತೊಂಬತ್ತಾರು ಮೆಟ್ಟಿಲು, ಮಾಳಿಗೆಗೆ ಹದಿನಾಲ್ಕು. ಎಣಿಸಿ ಹೇಳಿದೆ. ಅಪ್ಪ ಶ್ರಾದ್ಧವನ್ನು ಮಾಳಿಗೆಗೆ ತಂದರು.

ಎಲ್ಲ ಬಂತು, ಕಾಗೆ ಬರಲಿಲ್ಲ. ಕಾಗೆ ಪಿಂಡ ಮುಟ್ಟದೆ ಯಾತ್ರಿಕರು ಊಟಕ್ಕೆ ಏಳುವುದಿಲ್ಲ. ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ಲೆಕ್ಕ. ಮೊದಲೆರಡು ಸಲ ಮಧ್ಯಾಹ್ನ ಮೂರರವರೆಗೆ ಕಾದು, ಕೊನೆಗೆ ನಾನು ಎಲೆ ಹಿಡಿದು ಘಾಟಿಗೆ ಓಡಿದೆ.

ಸುದ್ದಿ ಘಾಟಿನಲ್ಲೇ ಕೂತು ಶ್ರಾದ್ಧ ಮಾಡಿಸುವ ಚಿಕ್ಕಪ್ಪನಿಗೆ ಮುಟ್ಟಿತು. "ಅಣ್ಣ, ಶಿವರಾತ್ರಿ ತನಕ ನೋಡು. ಕಾಗೆ ಬರಲಿಲ್ಲ ಅಂದ್ರೆ ನಿನ್ನ ಯಾತ್ರಿಕರನ್ನ ನನಗೆ ಬಿಡು. ನೀನು ಮನೇಲಿ ಕೂತು ಜಪ ಮಾಡು."

ಅಪ್ಪ ಜೀವಮಾನದಲ್ಲಿ ಒಂದು ದಿನ ಸುಮ್ಮನೆ ಮನೆಯಲ್ಲಿ ಕೂತವರಲ್ಲ. ಅವತ್ತು ಊಟ ಮಾಡುವಾಗ ನನ್ನನ್ನೇ ನೋಡಿದರು.

"ನೀನು ಓದಿದ್ದು ಪ್ರಾಣಿಗಳನ್ನೇ ತಾನೇ? ಕಾಗೆ ತರಿಸು."

೧. ಮುಸುವ

ಪುಸ್ತಕದ ಮೊದಲ ವಾರ ನೋಡಿದೆ. ನೀರಿನ ಟ್ಯಾಂಕಿನ ಮೇಲೆ ಮಂಗಗಳು ಕೂತಿದ್ದಾಗ ಕಾಗೆ ಇಳಿಯುವುದಿಲ್ಲ. ಮಂಗಗಳು ಹೆದರುವುದು ಉದ್ದ ಬಾಲದ ಕಪ್ಪು ಮುಖದ ಮುಸುವನಿಗೆ. ಆಳೆತ್ತರದ ಮುಸುವನ ಚಿತ್ರ ಫ್ಲೆಕ್ಸ್ ಮಾಡಿಸಿ ಟ್ಯಾಂಕಿಗೆ ಕಟ್ಟಿದೆ. ಮೂರು ದಿನ ಮಂಗಗಳ ಹಾಜರಿ ಸೊನ್ನೆ. ಇನ್ನು ಕಾಗೆ ಬರುವುದೊಂದೇ ಬಾಕಿ.

ನಾಲ್ಕನೇ ದಿನ, ಕೆಳಗಿನ ಕೋಣೆಯಲ್ಲಿ ಇಳಿದಿದ್ದ ಹುಬ್ಬಳ್ಳಿಯ ಅಜ್ಜಿ ಸೀರೆ ಒಣಹಾಕಲು ಮೇಲೆ ಬಂದರು. ನಾನು ಹೋಗಿ ನೋಡುವಾಗ ಮುಸುವನ ಹಣೆಗೆ ಕುಂಕುಮ, ಕಾಲ ಬಳಿ ದಾಸವಾಳ, ಎರಡು ಬಾಳೆಹಣ್ಣು.

"ಅಜ್ಜಿ, ಇದು ಹನುಮಂತ ಅಲ್ಲ. ಮುಸುವ. ಮಂಗ ಓಡಿಸೋಕೆ."

"ಎಷ್ಟ್ ಚಂದ ಕುಂತಾನ ನೋಡವಾ," ಎಂದರು ಅಜ್ಜಿ. ನಾನು ಹೇಳಿದ್ದು ಕಿವಿಗೆ ಹೋದಂತೆ ಕಾಣಲಿಲ್ಲ. ಹೋಗುವಾಗ ಪಕ್ಕದ ಕೋಣೆಯವರಿಗೂ ಹೇಳಿ ಹೋದರು.

ಎಂಟನೇ ದಿನದ ದಾಖಲೆ: ಬಾಳೆಹಣ್ಣು ಒಂದೂವರೆ ಡಜನ್, ಮಂಗ ಹತ್ತೊಂಬತ್ತು. ಒಂದು ಮಂಗನ ಮರಿ ಚಿತ್ರದ ಮುಸುವನ ಎದೆಗೆ ಒರಗಿಕೊಂಡು ಸಿಪ್ಪೆ ಸುಲಿಯುತ್ತಿತ್ತು.

ಚಿತ್ರ ಬಿಚ್ಚಲು ಹೋದೆ. ಅಪ್ಪ ತಡೆದರು. "ಪೂಜೆ ಆಗಿದೆ. ಹಾಗೆಲ್ಲ ತೆಗೆಯೋ ಹಾಗಿಲ್ಲ." ಪಂಚಾಂಗ ತೆಗೆದು ನೋಡಿದರು. ಮುಸುವನನ್ನು ಬಿಚ್ಚಲು ಒಳ್ಳೆಯ ದಿನ ಹದಿನೈದು ದಿನ ಬಿಟ್ಟು ಇತ್ತು.

೨. ಮುಂಗುಸಿ

ಹಿತ್ತಲಿನ ಮೋರಿಯಲ್ಲಿ ಒಂದು ಮುಂಗುಸಿ ಇದೆ. ಬೆಳಿಗ್ಗೆ ಅದನ್ನು ನೋಡಿದರೆ ಶುಭ ಎಂದು ಅಮ್ಮ ಯಾತ್ರಿಕರಿಗೆ ಹೇಳಿದ್ದಳು. ಅದು ಹೊರಡುವ ಹೊತ್ತು ಆರು ನಲವತ್ತರಿಂದ ಆರು ಐವತ್ತೈದು ಎಂದು ನಾನು ಹೇಳಿಬಿಟ್ಟೆ. ತಪ್ಪು ನನ್ನದು. ಮರುದಿನದಿಂದ ಮೋರಿಯ ಮುಂದೆ ಜನ ಸ್ನಾನ ಮಾಡಿ ಕೈಮುಗಿದು ನಿಲ್ಲತೊಡಗಿದರು.

ಮೈಸೂರಿನ ನಿವೃತ್ತ ಮೇಷ್ಟರೊಬ್ಬರು ಏಳೂಕಾಲಾದರೂ ಜಾಗ ಬಿಡಲಿಲ್ಲ.

"ಸಾರ್, ವಿಶ್ವನಾಥನ ದರ್ಶನಕ್ಕೆ ಹೊತ್ತಾಯ್ತು. ನಿಮ್ಮ ಮನೆಯವರು ರಿಕ್ಷಾದಲ್ಲಿ ಕೂತಿದ್ದಾರೆ."

ಮೇಷ್ಟರು ಮೋರಿಯಿಂದ ಕಣ್ಣು ತೆಗೆಯದೆ ಹೇಳಿದರು: "ವಿಶ್ವನಾಥ ಎಲ್ಲೂ ಹೋಗಲ್ಲಮ್ಮ. ಮುಂಗುಸಿ ಹೋಗುತ್ತೆ."

೩. ನಾವಿಕನ ಕೂಗು

ಚಳಿಗಾಲದಲ್ಲಿ ಗಂಗೆಗೆ ಬಿಳಿ ಕಡಲಹಕ್ಕಿಗಳು ಬರುತ್ತವೆ. ನಾವಿಕರು ದೋಣಿಯಲ್ಲಿ ನಿಂತು "ಆವ್ ಆವ್ ಆವ್" ಎಂದು ಒಂದೇ ರಾಗದಲ್ಲಿ ಕೂಗಿ ಸೇವ್ ಎಸೆಯುತ್ತಾರೆ. ಕ್ಷಣದಲ್ಲಿ ನೂರಾರು ಹಕ್ಕಿ. ಕರೆದರೆ ಹಕ್ಕಿ ಬರುತ್ತದೆ ಎಂಬುದು ಸಿದ್ಧವಾಯಿತು. ಕಾಗೆಗೂ ನೋಡೋಣ ಎಂದು ಪರಿಚಯದ ನಾವಿಕನೊಬ್ಬನನ್ನು ಮಾಳಿಗೆಗೆ ಕರೆತಂದೆ.

ಅವನು ಟ್ಯಾಂಕಿನ ಪಕ್ಕ ನಿಂತು ಗಂಟಲು ಸರಿಮಾಡಿಕೊಂಡು ಕೂಗಿದ. ಅಪ್ಪ ಕುರ್ಚಿಯಲ್ಲಿ ಕೂತು ಕೇಳಿದರು.

"ಇವನು ಹಿಂದಿಯಲ್ಲಿ ಕೂಗ್ತಿದ್ದಾನೆ. ನಾಳೆ ಶ್ರಾದ್ಧಕ್ಕೆ ಬರಬೇಕಾದ್ದು ಗುಲ್ಬರ್ಗದವರ ತಂದೆ. ಅವರಿಗೇನು ಅರ್ಥ ಆಗುತ್ತೆ?"

"ಅಪ್ಪ, ಇದು ಪರೀಕ್ಷೆ ಅಷ್ಟೆ. ಇವತ್ತು ಯಾರ ತಂದೆಯೂ ಬರೋದಿಲ್ಲ."

ಯಾರೂ ಬರಲಿಲ್ಲ, ನಿಜ. ಎದುರುಮನೆಯ ಸೂರಿನಲ್ಲಿ ಒಂಬತ್ತು ಕಾಗೆಗಳು ಸಾಲಾಗಿ ಕೂತು, ಅರ್ಧ ಗಂಟೆ ಅವನನ್ನೇ ನೋಡಿದವು. ನಾವಿಕ ಉಳಿದ ಸೇವನ್ನು ತಾನೇ ಬಾಯಿಗೆ ಹಾಕಿಕೊಂಡ.

"ಬಹಿನ್‌ಜೀ, ಆ ಬಿಳಿಯವು ಪರದೇಶದಿಂದ ಬಂದವು. ಯಾರು ಕರೆದರೂ ನಂಬುತ್ತವೆ. ಈ ಕೌವಾ ಬನಾರಸದ್ದು."

೪. ಸಂಡಿಗೆ

ಶಿವರಾತ್ರಿಗೆ ಹನ್ನೆರಡು ದಿನ ಉಳಿದಿತ್ತು. ಅಮ್ಮ ಮಾಳಿಗೆಯಲ್ಲಿ ಸಂಡಿಗೆ ಇಟ್ಟು, ಕೋಲು ಹಿಡಿದು ಕಾವಲು ಕೂತಳು. ಆಗ ಪುಸ್ತಕದಲ್ಲಿ ಒಂದು ವಿಚಿತ್ರ ಕಂಡಿತು. ಅಮ್ಮ ಕೂತಿದ್ದಾಗ ಏಳೆಂಟು ಕಾಗೆ. ಅವಳು ಎದ್ದು ಹೋದರೆ ಒಂದೂ ಇಲ್ಲ. ಸಂಡಿಗೆ ಅದೇ, ಬಿಸಿಲು ಅದೇ. ಹನ್ನೊಂದು ದಿನವೂ ಹಾಗೇ. ಷರಾದಲ್ಲಿ ಬರೆದೆ: "ಬೇಡ ಎಂದದ್ದನ್ನು ಮಾತ್ರ ತಿನ್ನುತ್ತದೆ."

ಅಪ್ಪನಿಗೆ ತೋರಿಸಿದೆ. "ಪಿಂಡಕ್ಕೂ ಯಾರಾದರೂ ಕಾವಲು ಕೂತು ಹುಶ್ ಅನ್ನಬೇಕು."

ಅಪ್ಪ ಪುಸ್ತಕ ಮುಚ್ಚಿದರು. "ಬಂದ ಪಿತೃಗಳನ್ನ ಕೋಲು ಹಿಡಿದು ಓಡಿಸೋದಾ? ನಿನ್ನ ಬಿ.ಎಸ್ಸಿ. ನಿನ್ನ ಹತ್ರಾನೇ ಇರಲಿ."

೫. ಗದಗಿನವರು

ಶಿವರಾತ್ರಿಯ ಹಿಂದಿನ ದಿನ ಗದಗಿನವರ ಶ್ರಾದ್ಧ. ಇಬ್ಬರು ಗಂಡುಮಕ್ಕಳು, ಅವರ ತಾಯಿ. ಗೆದ್ದರೆ ಇವತ್ತು, ಇಲ್ಲದಿದ್ದರೆ ನಾಳೆಯಿಂದ ಅಪ್ಪನಿಗೆ ಜಪ. ಚಿಕ್ಕಪ್ಪ ನೆರವಿಗೆ ಎಂದು ಬಂದು ಬಾಗಿಲ ಬಳಿ ನಿಂತಿದ್ದ.

ಎಲೆ ಇಟ್ಟಾಯಿತು. ಪಿಂಡ, ಪಕ್ಕದಲ್ಲಿ ವಡೆ, ಎಳ್ಳುಂಡೆ. ಒಂದು ಕಾಗೆ ಗೋಡೆಯ ಮೇಲೆ ಬಂದು ಕೂತಿತು. ಕೂತೇ ಇತ್ತು. ಅರ್ಧ ಗಂಟೆಯಾಯಿತು.

ಅಪ್ಪ ಸಣ್ಣ ದನಿಯಲ್ಲಿ ಹೇಳಿದರು: "ಏನಾದರೂ ಆಸೆ ಉಳಿದಿತ್ತೇನೋ. ಕೇಳಿಕೊಳ್ಳಿ."

ಹಿರಿಮಗ ಕೈಮುಗಿದ. "ಅಪ್ಪಾ, ನಿಮ್ಮ ರೇಡಿಯೋ ಗುಜರಿಗೆ ಹಾಕೂದಿಲ್ರಿ."

ಕಿರಿಮಗ ಪಿಸುಗುಟ್ಟಿದ. "ಹೋದ ತಿಂಗಳ ಹಾಕೀವಲ್ಲೋ."

"ಸುಮ್ನಿರೋ, ಕೇಳಸ್ತದ."

ಕಾಗೆ ತಲೆ ಓರೆ ಮಾಡಿತು.

"ನಿಮ್ಮ ಆರಾಮ ಕುರ್ಚಿ ಪಡಸಾಲ್ಯಾಗ ಇಡತೀವ್ರಿ." ಕಾಗೆ ರೆಕ್ಕೆ ಕೆರೆದುಕೊಂಡಿತು. "ಇವ ಸಿಗರೇಟ್ ಬಿಡ್ತಾನ್ರಿ," ಎಂದ ಅಣ್ಣ. "ನಾ ಯಾವಾಗ ಅಂದೆ?" ಎಂದ ತಮ್ಮ. ಕಾಗೆ ಮುಖ ತಿರುಗಿಸಿತು.

ಒಂದು ಗಂಟೆಯಾಯಿತು. ಚಿಕ್ಕಪ್ಪ ಎಲೆ ಎತ್ತಿಕೊಳ್ಳಲು ಎರಡು ಹೆಜ್ಜೆ ಮುಂದೆ ಬಂದ. ಅಪ್ಪ ಮಂಡಿಯ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಆ ತಾಯಿಯ ಬಳಿ ಹೋಗಿ ಕೇಳಿದೆ.

"ಅಮ್ಮ, ಊಟದ ಹೊತ್ತಲ್ಲಿ ನೀವು ಯಜಮಾನರಿಗೆ ಏನು ಹೇಳ್ತಿದ್ದಿರಿ?"

"ಏನ್ ಹೇಳೂದವಾ, ದಿನಾ ಅದ ರಾಮಾಯಣ," ಎಂದು ಅವರು ಎಲೆಯ ಕಡೆ ನೋಡಿದರು. ಮೊದಲ ಸಲ ಎಳ್ಳುಂಡೆ ಕಂಡಿರಬೇಕು. ಆಮೇಲೆ ಕಾಗೆಯನ್ನು ನೋಡಿದರು. ದನಿಯೇ ಬದಲಾಯಿತು.

"ಏನ್ರೀ, ಆ ಉಂಡಿಗೆ ಬಾಯಿ ಹಚ್ಚಬ್ಯಾಡ್ರಿ. ಶುಗರ್ ಅದ ನಿಮಗ. ಡಾಕ್ಟರ್ ಏನ್ ಹೇಳ್ಯಾರ?"

ಕಾಗೆ ಎರಡು ಸಲ ಕುಪ್ಪಳಿಸಿ ಎಲೆಯ ಮೇಲೆ ಬಂತು. ಪಿಂಡದ ಮೇಲೆ ಕಾಲಿಟ್ಟು ಎಳ್ಳುಂಡೆ ಕಚ್ಚಿತು. ಒಂದು ಸಲ ತಾಯಿಯ ಕಡೆ ನೋಡಿ, ಹಾರಿತು.

ಮಕ್ಕಳಿಬ್ಬರೂ ಅಲ್ಲೇ ಅಡ್ಡಬಿದ್ದರು. "ಅಪ್ಪನ ಬಂದಾರ," ಎಂದ ಹಿರಿಮಗ. "ಸಂಶಯನ ಇಲ್ಲ." ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಒಂದು ದಿನಾನೂ ನನ್ನ ಮಾತು ಕೇಳಲಿಲ್ಲ," ಎಂದರು. ನಗುತ್ತಿದ್ದರು.

ಚಿಕ್ಕಪ್ಪ ಅಪ್ಪನ ಹತ್ತಿರ ಬಂದು, ಯಾವ ಮಂತ್ರ ಎಂದು ಮೆಲ್ಲಗೆ ಕೇಳಿದ. ಅಪ್ಪ ನನ್ನ ಪುಸ್ತಕವನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡರು.

ಈಗ ಊರಿನಿಂದ ಫೋನ್ ಬಂದರೆ ಅಪ್ಪ ಗೋತ್ರ, ತಿಥಿ, ಎಷ್ಟು ಜನ ಎಂದು ಕೇಳಿ, ನನ್ನ ಪುಸ್ತಕ ತೆರೆದು ಇನ್ನೊಂದು ಪ್ರಶ್ನೆ ಸೇರಿಸುತ್ತಾರೆ: "ಮನೇಲಿ ಅವರನ್ನ ಬಯ್ಯುತ್ತಿದ್ದವರು ಯಾರು? ಅವರನ್ನ ತಪ್ಪದೆ ಕರ್ಕೊಂಡು ಬನ್ನಿ."

ಅಂಥವರು ಯಾರೂ ಇಲ್ಲ ಎಂದು ಇಲ್ಲಿಯತನಕ ಒಂದು ಮನೆಯವರೂ ಹೇಳಿಲ್ಲ. ಒಬ್ಬರು ಮಾತ್ರ, ಬಸ್ಸು ಎಷ್ಟು ದೊಡ್ಡದು ಮಾಡಬೇಕು ಎಂದು ಕೇಳಿದ್ದಾರೆ.