ಹದಿನೆಂಟು ಎಕರೆ

ಅಂತ್ಯಕ್ರಿಯೆ ಮುಗಿದ ಮಾರನೆಯ ಬೆಳಿಗ್ಗೆ ಗಂಡನ ಚೀಲದಲ್ಲಿ ಅವಳಿಗೆ ಸಿಕ್ಕಿದ್ದು ಎರಡು: ಅರ್ಧ ಉಳಿದ ಬಿಸ್ಕತ್ತಿನ ಪೊಟ್ಟಣ, ಬಂದರಿನ ಕಚೇರಿಯಿಂದ ಕಡ ತಂದಿದ್ದ ಉಬ್ಬರವಿಳಿತದ ವೇಳಾಪುಸ್ತಕ. ಬಿಸ್ಕತ್ತನ್ನು ಪಕ್ಕದ ಮನೆಯ ದೊಡ್ಡಮ್ಮ ಮುಗಿಸಿದರು.

"ಅತ್ತುಬಿಡೇ, ಒಳಗೇ ಇಟ್ಕೋಬೇಡ," ಎಂದರು ಬಾಯಿ ಒರೆಸಿಕೊಂಡು.

"ಬರ್ತಾ ಇಲ್ಲ ದೊಡ್ಡಮ್ಮ."

"ಪ್ರಯತ್ನವಾದ್ರೂ ಮಾಡು. ನಾಲ್ಕು ಜನ ಬಂದು ಹೋಗೋ ಮನೆ."

ಅಷ್ಟರಲ್ಲಿ ಗಂಡನ ಮೇಲಧಿಕಾರಿಯ ಫೋನು. ನದಿ ಕಡಲು ಸೇರುವ ಅಳಿವೆಯಲ್ಲಿ ನಡುಗಡ್ಡೆಗಳು ಎಷ್ಟು ಸವೆದವು, ಎಷ್ಟು ಬೆಳೆದವು ಎಂದು ಉಪಗ್ರಹದ ಚಿತ್ರಗಳಲ್ಲಿ ಅಳೆಯುವ ಕಚೇರಿ ಅದು.

"ಈ ಹೊತ್ತಲ್ಲಿ ಹೇಳಬಾರದಮ್ಮ. ನಿಮ್ಮವರ ಕೊನೇ ನಕ್ಷೇಲಿ ಒಂದು ನಡುಗಡ್ಡೆ ಒಂದೇ ವರ್ಷಕ್ಕೆ ಹದಿನೆಂಟು ಎಕರೆ ಊದಿದೆ. ನೆಲಕ್ಕೇನು ಬಾವು ಬರತ್ತಾ? ನೀರಿಳಿದಾಗಿನ ಚಿತ್ರ ಇರಬೇಕು, ಕೆಸರನ್ನೂ ಸೇರಿಸಿ ಅಳೆದಿದ್ದಾರೆ. ಸದ್ದಿಲ್ಲದೆ ಸರಿ ಮಾಡಿ ಬೇರೆಯವರ ಹೆಸರಲ್ಲಿ ಕಳಿಸ್ತೀವಿ."

ಏಳು ವರ್ಷ ಆ ಮಣ್ಣನ್ನೇ ಅಳೆದವನು. ಅವನದೆಂದು ಉಳಿದದ್ದು ನಕ್ಷೆಯ ಮೂಲೆಯ ಆ ಹೆಸರೊಂದೇ. ಅವಳು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೊರಟಳು. "ಈವತ್ತೇನಾ?" ಎಂಬ ದೊಡ್ಡಮ್ಮನ ಕೂಗು ಬೀದಿಯ ತಿರುವಿನವರೆಗೂ ಹಿಂಬಾಲಿಸಿತು.

ಗಂಡನ ಕಚೇರಿಯಲ್ಲಿ, ಅವನು ಪೆನ್ಸಿಲಿನಲ್ಲಿ ಗುರುತು ಹಾಕಿದ್ದ ಪುಟ ಬಿಚ್ಚಿದಳು.

"ಚಿತ್ರ ತೆಗೆದ ದಿನ, ಗಂಟೆ ನೋಡಿ. ಆಗ ನೀರು ತುಂಬಿತ್ತು. ಕೆಸರು ಕಾಣೋದು ಹೇಗೆ ಸಾರ್? ಬೆಳೆದಿರೋದು ನೆಲಾನೇ."

ಅಧಿಕಾರಿ ಪುಸ್ತಕದ ರಟ್ಟನ್ನು ತಿರುಗಿಸಿ ನೋಡಿದರು. ಈ ವರ್ಷದ್ದೇ. ಮುಖ ಗಾಳಿ ಹೋದ ಟೈರಿನಂತಾಯಿತು. "ತಪ್ಪು ನಂದೇ ಅಮ್ಮ. ಅವರ ಹೆಸರಲ್ಲೇ ಹೋಗತ್ತೆ."

ಪುಸ್ತಕ ಹಿಂದಿರುಗಿಸಲು ಬಂದರಿಗೆ ಹೋದಳು. ಗುಮಾಸ್ತ ಅದನ್ನು ಎದೆಗವಚಿಕೊಂಡ.

"ಬದುಕಿಸಿದ್ರಿ ಅಕ್ಕ!" ಎಂದು ನಾಲಿಗೆ ಕಚ್ಚಿಕೊಂಡ. "ಹೊಸದನ್ನ ಹೊರಗೆ ಕೊಡೋ ಹಾಗಿಲ್ಲ. ನಿಮ್ಮವರು ಬಿಡಲಿಲ್ಲ. ಹೋದ ವರ್ಷದ್ದಕ್ಕೇ ಹೊಸ ರಟ್ಟು ಅಂಟಿಸಿ ಕೊಟ್ಟೆ. ನೀರು ಎಲ್ಲ ವರ್ಷಾನೂ ಏರತ್ತೆ, ಇಳಿಯತ್ತೆ. ಏನು ಮಹಾ?"

"ಹೊಸದು ತೋರಿಸಿ."

ಅದೇ ದಿನ, ಅದೇ ಗಂಟೆ. ನೀರು ಪೂರಾ ಇಳಿದಿತ್ತು.

ಫೋನು ಬಂತು. "ಮೇಲಕ್ಕೆ ಕಳಿಸಿಬಿಟ್ಟೆನಮ್ಮ! ಹೆಸರು ಮೂಲೇಲಿ ಬೇಡ ಅಂತ ನೆತ್ತಿ ಮೇಲೇ ದಪ್ಪಕ್ಷರದಲ್ಲಿ ಹಾಕಿಸಿದ್ದೀನಿ."

ಕಿಟಕಿಯಾಚೆ ಆ ನಡುಗಡ್ಡೆ ಕಾಣುತ್ತಿತ್ತು. ನೀರು ಏರುತ್ತಿತ್ತು. ಹದಿನೆಂಟು ಎಕರೆ ಅವಸರವಿಲ್ಲದೆ ಮುಳುಗುತ್ತಿತ್ತು.

ಗುಮಾಸ್ತ ದಾಖಲೆ ತೆರೆದ. "ವಾಪಸ್ ಕೊಟ್ಟವರು ಅಂತ ಯಾರ ಹೆಸರು ಬರೀಲಿ ಅಕ್ಕ?"

"ಅವರದೇ ಬರೀರಿ," ಎಂದಳು. "ಸಣ್ಣಕ್ಷರದಲ್ಲಿ."