ಗುರಿಕಾರಿಕೆಗೆ ನಿಂತ ರೇಡಿಯೋ

ಮಂಗಲ್ಪಾಡಿಯ ರೇಮಂಡ್ ಮೊಂತೇರೊ ಎಂಬ ಮಹಾಶಯರಿಗೆ ಈ ಭೂಲೋಕದಲ್ಲಿ ಬೇಕಾಗಿದ್ದುದು ಒಂದೇ ಒಂದು. ಅದು ವಾಳೆಯ ಗುರಿಕಾರನ ಸ್ಥಾನ. (ವಾಳೆ ಎಂದರೆ ಇಗರ್ಜಿಯ ಕೆಳಗಿನ ಇಪ್ಪತ್ತು ಮೂವತ್ತು ಮನೆಗಳ ಕೂಟ. ಗುರಿಕಾರ ಎಂದರೆ ಅದರ ಯಜಮಾನ. ಸಂಬಳವಿಲ್ಲ, ಬೈಗುಳ ಮಾತ್ರ ಧಾರಾಳ. ಆದರೂ ಮದುವೆಗಳಲ್ಲಿ ಮೊದಲ ಸಾಲಿನ ಕುರ್ಚಿ ಉಂಟಲ್ಲ, ಅದಕ್ಕೆ ಬೆಲೆ ಕಟ್ಟುವವರು ಯಾರು?) ಉಪ್ಪಳ ಪೇಟೆಯಲ್ಲಿ ಪೈಂಟಿನ ಅಂಗಡಿ ಇಟ್ಟುಕೊಂಡು ಊರಿನ ಗಲ್ಫ್ ಮನೆಗಳಿಗೆಲ್ಲ ಬಣ್ಣ ಪೂರೈಸಿದ ತನ್ನ ಬಾಳಿಗೆ ಮಾತ್ರ ಬಣ್ಣವೇ ಬರಲಿಲ್ಲವಲ್ಲ ಎಂಬುದು ಅವರ ಕೊರಗು.

ಹಾಗಿರುವಾಗ ಹಳೆಯ ಗುರಿಕಾರ ಬೊನಿಫಾಸ್ ಮಾಮ, ಮೊಣಕಾಲು ನೋವು, ಇನ್ನು ತನ್ನಿಂದ ಆಗದು, ಮುಂದಿನ ಕೂಟದಲ್ಲಿ ಬೇರೆಯವರನ್ನು ಆರಿಸಿಕೊಳ್ಳಿ ಎಂದುಬಿಟ್ಟರು. ಮುಂದಿನ ಕೂಟ ಸರದಿಯಂತೆ ರೇಮಂಡರ ಮನೆಯಲ್ಲೇ. ರೊಟ್ಟಿ ಜಾರಿ ತುಪ್ಪದಲ್ಲಿ ಬಿದ್ದಿತ್ತು. ಆದರೆ ಆ ತುಪ್ಪದಲ್ಲಿ ಒಂದು ನೊಣವೂ ಇತ್ತು. ಗುರಿಕಾರನಾದವನು ಹತ್ತು ಜನರ ಮುಂದೆ ತೇರ್ಸು ಹೇಳಿಸಬೇಕು. ತೇರ್ಸು ಅಂದರೆ ಸಂಜೆಯ ಜಪಸರದ ಪ್ರಾರ್ಥನೆ. ಮುಂದಾಳು 'ನಮಾನ್ ಮರಿಯೆ' ಎಂದು ಅರ್ಧ ಹೇಳಬೇಕು, ಉಳಿದವರು 'ಸಾಂತ್ ಮರಿಯೆ' ಎಂದು ಉಳಿದರ್ಧ ಮುಗಿಸಬೇಕು. ಮುಂದಾಳು ನಿಂತರೆ ಎಲ್ಲರೂ ನಿಂತ ಹಾಗೆ. ರೇಮಂಡರಿಗೋ, ಮಂಡಿಯೂರಿ ಎದುರು ನಾಲ್ಕು ತಲೆ ಕಂಡರೆ ಸಾಕು, ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಒಮ್ಮೆ ಸಾವಿನ ಮನೆಯಲ್ಲಿ ಹೇಳಿಸಲು ಹೋಗಿ, ದುಃಖದ ರಹಸ್ಯಗಳ ಬದಲು ಸಂತೋಷದ ರಹಸ್ಯಗಳನ್ನು ಶುರು ಮಾಡಿದ್ದರು. (ರಹಸ್ಯ ಎಂದರೆ ತೇರ್ಸಿನ ಐದು ಭಾಗಗಳಲ್ಲಿ ಒಂದು.) ತೀರಿಹೋದವರ ಹೆಂಡತಿ ಅಳು ನಿಲ್ಲಿಸಿ ಇವರನ್ನು ನೋಡಿದ ನೋಟ ಇವತ್ತಿಗೂ ಕನಸಿನಲ್ಲಿ ಬರುತ್ತದೆ. ಮದುವೆಯಾದಂದಿನಿಂದ ಮನೆಯಲ್ಲಿ ತೇರ್ಸು ಹೇಳಿಸುವುದು ಹೆಂಡತಿ ರೋಸ್ಮೇರಿ ಬಾಯಿ.

ಈ ಸಂಕಟಕ್ಕೆ ಮದ್ದು ಬಂದದ್ದು ದೋಹಾದಿಂದ. ರೋಸ್ಮೇರಿ ಬಾಯಿಯ ತಮ್ಮ ಕ್ಲಿಫರ್ಡ್ ರಜೆಗೆ ಬಂದವನು ಭಾವನಿಗೆಂದು ಒಂದು ಇಂಟರ್ನೆಟ್ ರೇಡಿಯೋ ತಂದಿದ್ದ. ನೋಡಲು ಬೇಕರಿಯ ಬ್ರೆಡ್ಡಿನಷ್ಟು ದೊಡ್ಡದು, ಏರಿಯಲ್ ಇಲ್ಲ, ಗರಗರ ಸದ್ದಿಲ್ಲ, ಎದುರಿಗೆ ಒಂದು ಪುಟ್ಟ ಪರದೆ, ಒಂದು ತಿರುಗುಣಿ. ತಿರುಗಿಸಿದರೆ ಪ್ರಪಂಚದ ಯಾವ ಮೂಲೆಯ ಸ್ಟೇಷನ್ನಾದರೂ ಬರುತ್ತದೆ. ಕುದುರೆ ಧರ್ಮಕ್ಕೆ ಬಂತು, ಲಗಾಮು ಮಾತ್ರ ಸ್ವಂತ ಖರ್ಚಿನದು ಎಂಬಂತೆ ಅದಕ್ಕಾಗಿಯೇ ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸಿದ್ದಾಯಿತು. ಕೆಂಪುಕಲ್ಲಿನ ದಪ್ಪ ಗೋಡೆ ದಾಟಿ ವೈಫೈ ಹೋಗದ್ದರಿಂದ ಮೋಡೆಮ್ಮನ್ನು ಎಲ್ಲೆಲ್ಲೋ ಇಟ್ಟು ನೋಡಿ ಕೊನೆಗೆ ನಡುಮನೆಯ ಹಾಲ್‌ನಲ್ಲಿದ್ದ ಅಲ್ತಾರಿನ, ಎಂದರೆ ದೇವರ ಪೀಠದ ಮೇಲೆ, ಯೇಸುವಿನ ಪಟದ ಪಕ್ಕದಲ್ಲೇ ಪ್ರತಿಷ್ಠಾಪಿಸಲಾಯಿತು. ಎತ್ತರವೂ ಪ್ಲಗ್ಗೂ ಒಟ್ಟಿಗೆ ಇದ್ದದ್ದು ಅಲ್ಲಿ ಮಾತ್ರ. ಬಂದವರು ಪಟಕ್ಕೆ ಶಿಲುಬೆಯ ಗುರುತು ಮಾಡುವಾಗ ಮೋಡೆಮ್ಮೂ ಹಸಿರು ಕಣ್ಣು ಮಿಟುಕಿಸಿ ಅದನ್ನು ಸ್ವೀಕರಿಸುತ್ತಿತ್ತು.

ಒಂದು ಸಂಜೆ ತಿರುಗುಣಿ ತಿರುಗಿಸುತ್ತಿದ್ದಾಗ ಗಲ್ಫಿನ ಕೊಂಕಣಿಗರು ನಡೆಸುವ ಸ್ಟೇಷನ್ ಒಂದು ಸಿಕ್ಕಿತು. ದಿನಾ ಏಳು ಗಂಟೆಗೆ ಅಲ್ಲಿ ಕೊಂಕಣಿ ತೇರ್ಸು. ಗಂಭೀರ ಕಂಠದ ಪಾದ್ರಿಯೊಬ್ಬರು ಅರ್ಧ ಹೇಳಿ, ಕೇಳುವವರು ಉಳಿದರ್ಧ ಮುಗಿಸಲೆಂದು ಬಿಡುವು ಕೊಡುತ್ತಿದ್ದರು. ರೇಮಂಡರ ರೋಮ ನಿಮಿರಿತು. ಕೂಟದ ದಿನ ತೇರ್ಸು ಹೇಳಿಸುವುದು ರೇಡಿಯೋ, ಪಕ್ಕದಲ್ಲಿ ತಿರುಗುಣಿಯ ಮೇಲೆ ಕೈಯಿಟ್ಟು ಮಂಡಿಯೂರುವುದು ತಾನು.

"ದೇವರ ಕೆಲಸಕ್ಕೂ ಮೆಷಿನ್ ಎಂತಕ್ಕೆ?" ಎಂದರು ರೋಸ್ಮೇರಿ ಬಾಯಿ. "ಬಾಯಿ ಉಂಟಲ್ಲ ನಿಮಗೆ. ಊಟಕ್ಕೆ ಮಾತ್ರವಾ ಅದು?"

"ನಿನಗೆ ಗೊತ್ತಾಗುವುದಿಲ್ಲ ರೋಸಿ. ಇದು ಟೆಕ್ನಾಲಜಿ. ಇಂಥ ಗುರಿಕಾರ ಇಡೀ ಕಾಸರಗೋಡಿನಲ್ಲಿ ಇಲ್ಲ."

"ಇಲ್ಲದಿರುವುದಕ್ಕೂ ಒಂದು ಕಾರಣ ಇರ್ತದೆ," ಎಂದು ಅವರು ಒಳಗೆ ಹೋದರು.

ಮಾತು ಅಲ್ಲಿಗೇ ನಿಂತಿದ್ದರೆ ರೇಮಂಡರು ಬಚಾವಾಗುತ್ತಿದ್ದರೋ ಏನೋ. ಆದರೆ ಚುನಾವಣೆ ಎಂದ ಮೇಲೆ ಪ್ರಚಾರ ಬೇಡವೇ? ಮೊಬೈಲಿನ ಡಾಟಾವನ್ನು ತುಪ್ಪದಂತೆ ಚಮಚದಲ್ಲಿ ಅಳೆದು ಬಳಸುತ್ತಿದ್ದ ಕಾಲ ಅದು. ರೇಮಂಡರು ವಾಳೆಯ ಮನೆಮನೆಗೆ ಹೋಗಿ ಕೂಟಕ್ಕೆ ಕರೆಯುತ್ತಾ, ಹೊರಡುವಾಗ ಸ್ವರ ತಗ್ಗಿಸಿ ವೈಫೈಯ ಪಾಸ್‌ವರ್ಡನ್ನು ದಾನ ಮಾಡಿ ಬಂದರು. ಪಾಸ್‌ವರ್ಡ್ ಹೆಂಡತಿಯ ಹೆಸರೇ. (ಪ್ರೀತಿಯಿಂದಲ್ಲ, ಮರೆತುಹೋಗದಿರಲಿ ಎಂದು.) ಮಾರನೆಯ ದಿನದಿಂದಲೇ ಅವರ ಕಾಂಪೌಂಡಿನ ಸುತ್ತ ಭಕ್ತಾದಿಗಳ ಸಂಚಾರ ಹೆಚ್ಚಿತು. ಹಾಲಿಗೆ ಹೋಗುವವರು, ಮೀನಿಗೆ ಹೋಗುವವರು, ಎಲ್ಲರಿಗೂ ಅವರ ಗೇಟಿನ ಬಳಿಯೇ ದಣಿವಾಗುತ್ತಿತ್ತು. ಬೊನಿಫಾಸ್ ಮಾಮ ಕೂಡ ಮೊಣಕಾಲು ನೋವನ್ನು ಎಳೆದುಕೊಂಡು ಬಂದು ಸಿಟೌಟಿನಲ್ಲಿ ಗಂಟೆಗಟ್ಟಲೆ ಕೂತು ಎಣ್ಣೆ ಚಿಕಿತ್ಸೆಯ ವಿಡಿಯೋ ನೋಡಿದರು. ಗೆದ್ದೆ ಎಂದುಕೊಂಡರು ರೇಮಂಡರು.

ಕೂಟದ ಸಂಜೆ ಬಂತು. ಹಾಲ್ ತುಂಬಿತು. ಅಲ್ತಾರಿನಲ್ಲಿ ಮೇಣದಬತ್ತಿ, ಮಲ್ಲಿಗೆ, ಅವುಗಳ ನಡುವೆ ರೇಡಿಯೋ. ಇಸ್ತ್ರಿ ಮಾಡಿದ ಶರ್ಟಿನಲ್ಲಿ ರೇಮಂಡರು. ಏಳಕ್ಕೆ ಸರಿಯಾಗಿ ಪಾದ್ರಿಯ ಕಂಠ ಮೊಳಗಿತು. ಜನ ಮುಖ ಮುಖ ನೋಡಿಕೊಂಡರು, ತಲೆದೂಗಿದರು, 'ಸಾಂತ್ ಮರಿಯೆ' ಎಂದು ಒಕ್ಕೊರಲಿನಿಂದ ಮುಗಿಸಿದರು. ಮೊದಲ ರಹಸ್ಯ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮುಗಿಯಿತು. ರೇಮಂಡರ ಕಣ್ಣಲ್ಲಿ ನೀರಾಡಿತು.

ಎರಡನೆಯ ರಹಸ್ಯದ ನಡುವೆ ಪಾದ್ರಿ "ನಮಾನ್ ಮರಿ" ಎಂದು ನಿಲ್ಲಿಸಿದರು.

ಜನ ಕಾದರು. ಅರ್ಧ ಪೂರ್ತಿಯಾಗದೆ ಉಳಿದರ್ಧ ಹೇಳುವುದು ಹೇಗೆ? ಮಂಡಿಯೂರಿದ ಮೊಣಕಾಲುಗಳು ನರಳಿದವು. ಪರದೆಯ ಮೇಲೆ 'ಬಫರಿಂಗ್' ಎಂಬ ಅಕ್ಷರಗಳ ಕೆಳಗೆ ಒಂದು ಚಕ್ರ ಸುತ್ತುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ "ಯೆ" ಬಂತು. ಆಮೇಲೆ ಮತ್ತೆ ಮೌನ.

"ಆ ಫಾದರಿಗೆ ದಮ್ಮು ಉಂಟಾ?" ಎಂದು ಪಕ್ಕದ ಮನೆಯ ಪ್ರೀಮಾ ಬಾಯಿ ನಿಜವಾದ ಕನಿಕರದಿಂದ ಕೇಳಿದರು.

ಕಾಲೇಜಿಗೆ ಹೋಗುವ ಮಗಳು ಸೋನಿಯಾ ಮಂಡಿಯಲ್ಲೇ ಸರಿದು ಬಂದು ಅಪ್ಪನ ಕಿವಿಯಲ್ಲಿ ಹೇಳಿದಳು, "ಡ್ಯಾಡಿ, ಇಲ್ಲಿರುವ ಎಲ್ಲರ ಫೋನೂ ನಮ್ಮ ವೈಫೈಗೆ ಕನೆಕ್ಟ್ ಆಗಿದೆ. ಆಫ್ ಮಾಡಲಿಕ್ಕೆ ಹೇಳಿ."

ರೇಮಂಡರು ಸುತ್ತ ನೋಡಿದರು. ಕಿಸೆಕಿಸೆಯಲ್ಲಿ, ಪರ್ಸುಪರ್ಸಿನಲ್ಲಿ ಬೆಳಕು ಮಿನುಗುತ್ತಿತ್ತು. ವಾರದ ವಿಡಿಯೋಗಳೆಲ್ಲ ಅವುಗಳೊಳಗೆ ಬಂದಿಳಿಯುತ್ತಿದ್ದವು. ಬೇಲಿಯ ಮೇಲೆ ಹೋಗುತ್ತಿದ್ದ ಓತಿಯನ್ನು ಕರೆದು ಕರೆದು ಮೈಮೇಲೆ ಬಿಟ್ಟುಕೊಂಡದ್ದು ತಾನೇ. ಆಫ್ ಮಾಡಿ ಎನ್ನೋಣವೆಂದರೆ, ಮತಕ್ಕಾಗಿ ಕೊಟ್ಟದ್ದನ್ನು ಮತದ ಹೊತ್ತಿಗೆ ಕಿತ್ತುಕೊಂಡರೆ ಯಾರು ಕೈ ಎತ್ತುತ್ತಾರೆ? ತಾನೇ ಮುಂದುವರಿಸೋಣವೆಂದರೆ ಅಂಗುಳಕ್ಕೆ ನಾಲಿಗೆ ಅಂಟಿ ಆಗಿತ್ತು. ಆ ಹತಾಶೆಯಲ್ಲಿ ಕೈ ತಿರುಗುಣಿಯನ್ನು ಒಂದು ಸುತ್ತು ಸುತ್ತಿಸಿತು. ಯಾವುದೋ ದೇಶದ ಯಾವುದೋ ಡ್ಯಾನ್ಸಿನ ಬ್ಯಾಂಡು ಡಮಾರ್ ಎಂದು ಬಡಿಯಿತು. (ಅದಕ್ಕೆ ಬಫರಿಂಗ್ ಎಂಬುದೇ ಇರಲಿಲ್ಲ.) ಬೊನಿಫಾಸ್ ಮಾಮ ನೋವು ಮರೆತು ಎದ್ದು ನಿಂತರು. ಭೂಮಿ ಬಾಯಿಬಿಟ್ಟರೆ ಹೋಗಿಬಿಡುತ್ತಿದ್ದೆನಲ್ಲ ದೇವರೇ ಎಂದುಕೊಂಡ ರೇಮಂಡರು ವಯರನ್ನೇ ಕಿತ್ತರು.

ಆ ನಿಶ್ಶಬ್ದದೊಳಗೆ ಅಡುಗೆಮನೆಯ ಬಾಗಿಲಿನಿಂದ ತುಂಬಿದ ಸ್ವರವೊಂದು, ಪಾದ್ರಿ ನಿಲ್ಲಿಸಿದಲ್ಲಿಂದಲೇ ಎತ್ತಿಕೊಂಡು ಹೊರಟಿತು. ಕೈಯಲ್ಲಿ ಚಾದ ಸೌಟು ಹಿಡಿದ ರೋಸ್ಮೇರಿ ಬಾಯಿ. ಜನಕ್ಕೆ ಹೋದ ಜೀವ ಬಂದಂತಾಗಿ 'ಸಾಂತ್ ಮರಿಯೆ' ಎಂದು ಮೊಳಗಿದರು. ಮೂರನೆಯ ರಹಸ್ಯ, ನಾಲ್ಕು, ಐದು, ಮರಿಯಮ್ಮನ ಬಿರುದುಗಳನ್ನೆಲ್ಲ ಹೇಳುವ ಉದ್ದನೆಯ ಲದಿನ್, ಎಲ್ಲವೂ ಒಂದು ತಡೆಯಿಲ್ಲದೆ ಹರಿದವು. ನಡುವೆ ಅದೇ ಉಸಿರಿನಲ್ಲಿ "ಸೋನಿಯಾ, ಹಾಲು ಉಕ್ಕುತ್ತದೆ ನೋಡು" ಎಂದದ್ದನ್ನೂ ಸೇರಿಸಿ ಕೆಲವರು 'ಆಮೆನ್' ಎಂದರು.

ಚಾ, ಚಟ್ಟಂಬಡೆ ಆದ ಮೇಲೆ ಬೊನಿಫಾಸ್ ಮಾಮ ಗಂಟಲು ಸರಿಮಾಡಿದರು. ರೇಮಂಡರೂ ಕಾಲರ್ ಸರಿಮಾಡಿದರು. ಎಷ್ಟಾದರೂ ಪಾಸ್‌ವರ್ಡ್ ಕೊಟ್ಟ ಋಣ ಇಲ್ಲವೇ?

"ಆರಿಸಲಿಕ್ಕೆ ಎಂತ ಉಂಟು?" ಎಂದರು ಮಾಮ. "ನಮ್ಮ ವಾಳೆಗೆ ಇನ್ನು ರೋಸ್ಮೇರಿ ಬಾಯಿಯೇ. ರೇಮಂಡ್, ನಿನ್ನ ಒಪ್ಪಿಗೆ ಉಂಟಲ್ಲ?"

ಎದ್ದ ಕೈಗಳ ಕಾಡಿನ ನಡುವೆ ಕೂತು ರೇಮಂಡರು ಉಂಟು ಎಂದರು. ಗುರಿಕಾರ್ತಿಯ ಮೊದಲ ಆಜ್ಞೆ ಜನ ಗೇಟು ದಾಟುವ ಮೊದಲೇ ಹೊರಬಿತ್ತು. ನಾಳೆಯಿಂದ ಸಂಜೆ ಹೊತ್ತು ತನಗೆ ಮನೆಮನೆ ತಿರುಗಲಿಕ್ಕೆ ಉಂಟು, ಇಲ್ಲಿಯ ತೇರ್ಸು ಗಂಡನೇ ಹೇಳಿಸಲಿ, ಸ್ವಂತ ಬಾಯಿಯಲ್ಲಿ.

ಮರುದಿನ ಸಂಜೆ ಅಲ್ತಾರಿನ ಮುಂದೆ ಅಪ್ಪ, ಮಗಳು ಇಬ್ಬರೇ ಇದ್ದರು. ಅಪ್ಪ ಕಣ್ಣು ಮುಚ್ಚಿ, ಬೆವರು ಒರೆಸಿ, "ನಮಾನ್ ಮರಿಯೆ" ಎಂದು ಶುರು ಮಾಡಿದರು. ಹಾಗೂ ಹೀಗೂ ಮೂರು ಮಣಿ ಜಾರಿತು. ನಾಲ್ಕನೆಯದರ ನಡುವೆ ನಿಂತುಹೋಯಿತು. ಮುಂದಿನ ಶಬ್ದ ಎಷ್ಟು ತಡಕಿದರೂ ಸಿಗಲಿಲ್ಲ. ಸೋನಿಯಾ ಕಾದಳು, ಒಂದು ಕಣ್ಣು ತೆರೆದಳು, ಮತ್ತೆ ಕಾದಳು.

"ಡ್ಯಾಡಿ," ಎಂದಳು ಕೊನೆಗೆ ಮೆಲ್ಲನೆ, "ಬಫರಿಂಗಾ?"