ಅಟ್ಟದ ಮೇಲಿನ ಆರ್ಡರುಗಳು

ನನ್ನ ಕಿರಿಯ ಸೋದರಮಾವನಂಥವರು ಈ ಭೂಮಂಡಲದಲ್ಲಿ ಇನ್ನೊಬ್ಬರಿದ್ದರೆ ಅವರಿಗೆ ಅಡ್ಡಬೀಳುತ್ತೇನೆ! ಕೊಬ್ಬರಿ ಒಣಗಿಸುವವರು ಅರಸೀಕೆರೆಯಲ್ಲಿ ಬೀದಿಗೆ ಹತ್ತು ಜನ ಸಿಗುತ್ತಾರೆ. ಕಂಪ್ಯೂಟರಿನೊಳಗಿನ ಮಾಹಿತಿಯನ್ನೂ ಒಣಗಿಸಿದವರು ಇವರೊಬ್ಬರೇ.

ಇಂಟರ್‌ನೆಟ್ಟಿನಲ್ಲಿ ಸಾಮಾನು ಕೊಳ್ಳುವುದು ಇನ್ನೂ ಹೊಸದಾಗಿದ್ದ ಕಾಲ. ಮಾವಂದಿರಿಬ್ಬರದೂ ಸೇರಿ ಒಂದು ಕೊಬ್ಬರಿ ಅಂಗಡಿ. ಕಿರಿಯ ಮಾವ ಹಟ ಹಿಡಿದು ವೆಬ್‌ಸೈಟ್ ಶುರುಮಾಡಿಸಿ, ಕಂಪ್ಯೂಟರ್ ಓದಿ ಮನೆಯಲ್ಲಿ ನೊಣ ಹೊಡೆಯುತ್ತಿದ್ದ ನನ್ನನ್ನು ಕೆಲಸಕ್ಕೆ ಕೂರಿಸಿದರು. ದೊಡ್ಡ ಮಾವನಿಗೆ ಇದೊಂದು ಹುಚ್ಚಾಟ.

"ಒಂದ್ಸಲ ತಗೊಂಡೋರು ತಿರುಗಿ ಬತ್ತಾರಾ? ಅದನ್ನ ತೋರಿಸಿ. ಇಲ್ದಿದ್ರೆ ಗೌರಿ ಹಬ್ಬಕ್ಕೆ ಮುಂಚೆ ಮುಚ್ಚಿ" ಎಂದುಬಿಟ್ಟರು.

ಅದು ಮುಚ್ಚಿದರೆ ನನ್ನ ಕೆಲಸವೂ ಮುಗಿದಂತೆ. ಬೇಲೂರಿನ ಕಡೆಯ ಗಂಡೊಂದನ್ನು ಗೊತ್ತುಮಾಡಿಕೊಂಡು ಅಪ್ಪ ಬೇರೆ ತುದಿಗಾಲಲ್ಲಿ ನಿಂತಿದ್ದರು. ನನಗೋ, ಆ ಕೆಲಸವೆಂದರೆ ಪ್ರಾಣ.

ದೊಡ್ಡ ಮಾವನಿಗೆ ತೋರಿಸಲು ದಾರಿಯೇನೋ ಇತ್ತು. ವೆಬ್‌ಸೈಟಿಗೆ ಬಂದ ಆರ್ಡರುಗಳನ್ನೆಲ್ಲ ಡೇಟಾ ವೇರ್‌ಹೌಸ್ ಎಂಬ ಬೇರೊಂದು ಕಣಜಕ್ಕೆ ತುಂಬಿದರೆ ಸಾಕು, ಯಾರು ಎಷ್ಟು ಸಲ ಕೊಂಡರೆಂದು ಕ್ಷಣದಲ್ಲಿ ಹೇಳುತ್ತದೆ. ಆದರೆ ಅಂಗಡಿಯ ಡೇಟಾಬೇಸಿನ ಭಾಷೆಯೇ ಬೇರೆ, ಕಣಜದ್ದೇ ಬೇರೆ. ಎರಡರ ನಡುವೆ ಮಾತು ದಾಟಿಸಲು ಡ್ರೈವರ್ ಎಂಬ ಸಣ್ಣ ಪ್ರೋಗ್ರಾಂ ಬೇಕು ಎಂದು ಕಿರಿಯ ಮಾವನಿಗೆ ವಿವರಿಸಿದೆ.

"ದಲ್ಲಾಳಿ ಅನ್ನು!" ಎಂದರು. "ಹಂಗಾದ್ರೆ ಅವನ ಮೇಲೊಂದು ಕಣ್ಣಿಟ್ಟಿರು."

ಅವರ ಬಾಯಿಗೆ ಏನೆನ್ನಬೇಕೋ! ಮೊದಲ ದಿನವೇ ಆ ಡ್ರೈವರಿಗೆ ಕನ್ನಡ ಬಾರದೆ, ಬಿಕ್ಕೋಡಿನ ಗಿರಾಕಿಯ ಹೆಸರು ಆ ಕಡೆ ತಲುಪುವಷ್ಟರಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿತ್ತು.

"ನೋಡ್ದಾ? ದಲ್ಲಾಳಿಗೇ ಗಿರಾಕಿ ಗುರುತಿಲ್ಲ. ನಾವೇ ಕೇಳ್ಬೇಕು" ಎಂದು ಮಾವ ಫೋನೆತ್ತಿಕೊಂಡರು. ನಾನು ಬೇರೆ ಡ್ರೈವರ್ ಹಾಕಿದೆ, ಹೆಸರುಗಳು ಸರಿಯಾದವು. ಆದರೆ ಎತ್ತಿದ ಫೋನನ್ನು ಅವರು ಇಳಿಸಬೇಕಲ್ಲ!

ಅಲ್ಲಿಂದ ಹುಟ್ಟಿತು ಅವರ ಕಾನೂನು. ಉಂಡೆ ಕೊಬ್ಬರಿಗೆ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಎನ್ನುವವರೆಗೆ ಇಳಿಸುವ ಹಾಗಿಲ್ಲ. ಆರ್ಡರಿಗೂ ಅದೇ ನಿಯಮ! ಗಿರಾಕಿ ಕೊಬ್ಬರಿ ತಿಂದು, ಚೆನ್ನಾಗಿತ್ತು ಎಂದು ಬಾಯಿಬಿಟ್ಟು ಹೇಳುವ ತನಕ ಆ ಆರ್ಡರು ಹಸಿ. ಹಸಿಯದನ್ನು ಕಣಜಕ್ಕೆ ತುಂಬಿದರೆ ಮುಗ್ಗುತ್ತದಂತೆ. ಹಸಿ ಆರ್ಡರುಗಳಿಗೆಂದೇ ಡೇಟಾಬೇಸಿಗೂ ಕಣಜಕ್ಕೂ ನಡುವೆ ಟೇಬಲ್ ಎಂಬ ಬೇರೊಂದು ಪಟ್ಟಿ ಮಾಡಿಸಿ, ಅದಕ್ಕೆ 'ಅಟ್ಟ' ಎಂದು ಹೆಸರಿಟ್ಟರು.

"ಅಲ್ಲಮ್ಮಾ, ಕೊಬ್ಬರಿ ತಲುಪಿ ವಾರ ಆಯ್ತು, ಇನ್ನೂ ತುರಿದಿಲ್ಲ ಅಂದ್ರೆ ಹೆಂಗೆ? ಮಿಠಾಯಿ ಯಾವತ್ತು ಮಾಡ್ತೀರಾ ಹೇಳಿ, ಅವತ್ತೇ ಫೋನ್ ಮಾಡ್ತೀನಿ!"

ಇದನ್ನು ಯಾವ ಗಿರಾಕಿ ತಾನೇ ಸಹಿಸಿಯಾರು? ಆಶ್ಚರ್ಯವೆಂದರೆ, ಸಹಿಸುತ್ತಿದ್ದರು! ಹಳೇಬೀಡಿನ ಒಬ್ಬರು ಮಾತ್ರ, ತಾವು ತಿನ್ನಲಿಲ್ಲ, ಬೀಗರಿಗೆ ಉಡುಗೊರೆ ಕೊಟ್ಟೆವು ಎಂದು ತಪ್ಪಿಸಿಕೊಳ್ಳಲು ನೋಡಿದರು. ಮಾವ ಬಿಟ್ಟಾರೆಯೇ? ಬೀಗರ ನಂಬರನ್ನೇ ಇಸಿದುಕೊಂಡರು.

"ನಿಮ್ ಬೀಗರು ಕೊಟ್ಟ ಕೊಬ್ಬರಿ ಹೆಂಗಿತ್ತು ಸ್ವಾಮಿ?"

"ಯಾವ ಕೊಬ್ಬರಿ ರೀ?"

ಬೀಗರು ಮುಂದಿನ ಬಸ್ಸಿಗೇ ಹಳೇಬೀಡಿಗೆ ಹೊರಟರೆಂದು ಆಮೇಲೆ ತಿಳಿಯಿತು.

ಹೀಗೆ ಒಣಗಿದ್ದು ನಾಲ್ಕಾದರೆ ಹಸಿಯದು ನಲವತ್ತಾಗಿ ಅಟ್ಟ ತುಂಬುತ್ತಾ ಹೋಯಿತು, ಕಣಜ ಭಣಗುಟ್ಟಿತು. "ಮಾವ, ಹಬ್ಬ ಬಂತು, ಎಲ್ಲಾ ಸೇರಿಸಿಬಿಡ್ಲಾ?" ಎಂದು ನಾನು ಗೋಗರೆದರೆ, "ಕಾಯಿ ನಿನ್ ಹಬ್ಬ ನೋಡ್ಕೊಂಡು ಒಣಗ್ತದೇನೇ?" ಎನ್ನುವರು. ಹೆತ್ತ ತಾಯಿ ಬಂದು ಬೇಡಿಕೊಂಡರೂ ಹಸಿ ಕಾಯಿ ಇಳಿಸಿದವರಲ್ಲ ಅವರು.

ಗೌರಿ ಹಬ್ಬದ ಹಿಂದಿನ ದಿನ ದೊಡ್ಡ ಮಾವ ಬಂದು ಕಂಪ್ಯೂಟರಿನ ಮುಂದೆ ಕೂತರು. ನಾನು ಕಣಜ ತೆರೆದೆ. ತಿರುಗಿ ಬಂದ ಗಿರಾಕಿ ಒಬ್ಬರೂ ಕಾಣಲಿಲ್ಲ.

"ಇಷ್ಟೇನಾ? ಸಾಕು ಮುಚ್ರಿ. ನಾಳೆಯಿಂದ ಹುಡುಗಿ ಮನೇಲಿರ್ಲಿ" ಎಂದು ಎದ್ದರು.

ಕಿರಿಯ ಮಾವ ನನ್ನ ಮುಖ ನೋಡಿದರು, ಹೆಗಲ ಮೇಲಿನ ಟವೆಲು ತೆಗೆದು ಬೆವರೊರೆಸಿಕೊಂಡರು.

"ಕೂತ್ಕೊಳಣ್ಣ" ಎಂದವರು ನನ್ನ ಕಡೆ ತಿರುಗಿ, "ಅಟ್ಟದ್ದೆಲ್ಲಾ ಇಳಿಸು ಕಣೇ" ಎಂದರು.

"ಇನ್ನೂ ಹಸಿ ಐತಲ್ಲ ಮಾವ?"

"ಇರ್ಲಿ. ಇಳಿಸು."

ಡ್ರೈವರ್ ಮಹಾಶಯ ಅಂದು ಒಂದಕ್ಷರವನ್ನೂ ಕೆಡಿಸಲಿಲ್ಲ. ಪರದೆಯ ಮೇಲೆ ಹೆಸರುಗಳು ಒಂದರ ಹಿಂದೊಂದು ಬಂದವು. ಎರಡನೆಯ ಸಲ ಕೊಂಡವರು, ಮೂರನೆಯ ಸಲ ಕೊಂಡವರು, ಬೀಗರ ಕೈಗೆ ಸಿಕ್ಕಿಬಿದ್ದ ಹಳೇಬೀಡಿನ ಮಹಾನುಭಾವರು ಕೂಡ! ದೊಡ್ಡ ಮಾವ ಬಹಳ ಹೊತ್ತು ನೋಡಿ, "ಸರಿ, ನಡೀಲಿ ಬಿಡಿ" ಎಂದು ಕಾಫಿ ಕೇಳಿದರು.

ಕಾಫಿ ಕೊಟ್ಟು ನಾನು ಹೊರಗೆ ಬಂದೆ. ಕಿರಿಯ ಮಾವ ಜಗಲಿಯ ಮೇಲೆ ಕೂತು ಯಾರಿಗೋ ಫೋನು ಹಚ್ಚಿದ್ದರು. ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ.

"ನಮಸ್ಕಾರ ಕಣ್ರೀ, ಅರಸೀಕೆರೆಯಿಂದ. ನೀವು ಚೆನ್ನಾಗೈತೆ ಅನ್ನೋಕ್ ಮುಂಚೇನೇ ನಿಮ್ ಆರ್ಡರನ್ನ ಒಳಕ್ ಹಾಕ್ಬಿಟ್ವಿ. ತಪ್ಪಾಯ್ತು. ನಮ್ ಹುಡುಗಿ ಕೆಲ್ಸ ಹೋಗೋ ಹಂಗಿತ್ತು, ಅದಕ್ಕೆ."

ನಾನು ಅಲ್ಲೇ ಕಂಬಕ್ಕೊರಗಿ ಅತ್ತುಬಿಟ್ಟೆ. ಮಾವ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು, "ಅಳ್ಬೇಡ ಕಣಮ್ಮ, ಮುಂದಿನ್ ನಂಬರ್ ಹೇಳು" ಎಂದರು.